ಒಂದಕ್ಕೆ 214, ಇನ್ನೊಂದಕ್ಕೆ ಸೊನ್ನೆ: ಬೆಟಗೇರಿ ಪ್ರೆಸ್ಸಿನ ಕಂಪ್ಯೂಟರ್ ರಿಪೇರಿ

ಸೋಮವಾರ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಬೆಟಗೇರಿಯ ಪ್ರೆಸ್ಸಿನ ಕಾಕಾ ಫೋನ್ ಮಾಡಿದರು. ಡಿಟಿಪಿ ಮಾಡುವ ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದರೆ ಹೆಸರೇ ಕೇಳದ ಯಾವುದೋ ಹುಡುಕು ಪುಟ ಬರುತ್ತಿತ್ತು. ಪರದೆಯ ಬಲಮೂಲೆಯಲ್ಲಿ ವೈರಸ್ ತಗುಲಿದೆ ಎಂಬ ಚೀಟಿ ಮತ್ತೆ ಮತ್ತೆ ಏಳುತ್ತಿತ್ತು. ಕಾಕಾ ಸುಮ್ಮನೆ ಕುಳಿತವರಲ್ಲ. ಅಣ್ಣನ ಮಗನನ್ನು ಕರೆಸಿ ಮೂರು ತಂತ್ರಾಂಶಗಳಿಂದ ಸ್ಕ್ಯಾನ್ ಮಾಡಿಸಿದ್ದರು.

“ಒಂದು 214 ಅಪಾಯ ಎಂದಿತು, ಒಂದು 9 ಎಂದಿತು, ಮೂರನೆಯದು ಏನೂ ಇಲ್ಲ ಎಂದಿತು. ಸಿಕ್ಕಿದ್ದನ್ನೆಲ್ಲ ತೆಗೆ ಎಂದು ಒತ್ತಿದೆವು. ಬೆಳಿಗ್ಗೆ ನೋಡಿದರೆ ಮತ್ತೆ ಅದೇ ಪುಟ. ಇವುಗಳಲ್ಲಿ ಯಾವುದನ್ನು ನಂಬಬೇಕು ತಮ್ಮಾ?”

ಈ ಪ್ರಶ್ನೆಯನ್ನು ನನ್ನ ಅಂಗಡಿಗೆ ಬರುವ ಹತ್ತು ಮಂದಿಯಲ್ಲಿ ಏಳು ಮಂದಿ ಕೇಳುತ್ತಾರೆ. ಇಷ್ಟು ದಿನ ಬಾಯಿಗೆ ಬಂದ ಹೆಸರು ಹೇಳಿ ಕಳುಹಿಸುತ್ತಿದ್ದೆ. ಈ ಸಲ ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ. ಆ ಕಂಪ್ಯೂಟರಿನಲ್ಲಿ ಏನಿದೆ ಎಂಬುದು ನನಗೆ ಗೊತ್ತು. ಗದಗ-ಬೆಟಗೇರಿಯ ಅರ್ಧ ಊರಿನ ಲಗ್ನಪತ್ರಿಕೆಗಳು, ಅವುಗಳಲ್ಲಿ ಮೂರು ತಲೆಮಾರಿನ ಹೆಸರುಗಳು, ಮನೆ ವಿಳಾಸ, ಮೊಬೈಲ್ ನಂಬರು. ಸಂಘಗಳ ಲೆಟರ್‌ಹೆಡ್, ರಸೀದಿ ಪುಸ್ತಕ. ಪರೀಕ್ಷೆ ಹತ್ತಿರ ಬಂದರೆ ಶಾಲೆಗಳ ಪ್ರಶ್ನೆಪತ್ರಿಕೆ. ಪ್ರೆಸ್ಸಿನವರ ಮೇಲೆ ಜನ ಇಟ್ಟ ನಂಬಿಕೆ ದೊಡ್ಡದು. ಆ ಯಂತ್ರದೊಳಗೆ ಕಾಣದ ಕಣ್ಣೊಂದು, ಅಂದರೆ ಗುಟ್ಟಾಗಿ ಮಾಹಿತಿ ಕದಿಯುವ ಸ್ಪೈವೇರ್, ಕುಳಿತಿದ್ದರೆ ಅದು ಕಾಕಾ ಒಬ್ಬರ ಕಷ್ಟವಾಗಿ ಉಳಿಯುವುದಿಲ್ಲ.

ಆ ರಾತ್ರಿಯೇ ಹೋದೆ. ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತೆ. ಎರಡನೆಯ ಕೆಲಸ ಆ ಯಂತ್ರದ್ದಲ್ಲ: ಕಾಕಾ ತಮ್ಮ ಫೋನಿನಿಂದ ಇಮೇಲ್, ಬ್ಯಾಂಕ್, ಜಿಎಸ್‌ಟಿ ಖಾತೆಗಳ ಪಾಸ್‌ವರ್ಡ್ ಬದಲಿಸಬೇಕು. ಕಳ್ಳ ಕುಳಿತಿರುವ ಕೋಣೆಯಲ್ಲಿ ಹೊಸ ಬೀಗದ ಕೈ ಮಾಡಿಸಿದರೆ ಆ ಕೈಯೂ ಅವನ ಪಾಲಾಗುತ್ತದೆ. ಖಾತೆಯಿಂದ ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸುತ್ತಿದ್ದೆ, ಪುಣ್ಯಕ್ಕೆ ಹೋಗಿರಲಿಲ್ಲ.

ಮಂಗಳವಾರ: ಪಡಿಯಚ್ಚು

ತಂತ್ರಾಂಶಗಳ ಬಲಾಬಲ ಹೋಲಿಸಬೇಕಾದರೆ ಎಲ್ಲದಕ್ಕೂ ಒಂದೇ ರೋಗ ಸಿಗಬೇಕು. ಒಂದು ಸ್ಕ್ಯಾನರ್ ಅರ್ಧ ತೊಳೆದ ಮೇಲೆ ಇನ್ನೊಂದನ್ನು ಓಡಿಸಿದರೆ ಎರಡನೆಯದಕ್ಕೆ ಉಳಿದದ್ದು ಮಾತ್ರ ಕಾಣುತ್ತದೆ. ಆಮೇಲೆ ಅದು ದುರ್ಬಲ ಎಂದು ತೀರ್ಪು ಕೊಡುತ್ತೇವೆ. ಕಾಕಾ ಮನೆಯಲ್ಲಿ ಆದದ್ದರಲ್ಲಿ ಒಂದು ಪಾಲು ಇದೇ.

ಯಂತ್ರ ಹಳೆಯದು. ನಾಲ್ಕನೆಯ ಪೀಳಿಗೆಯ ಐ3, 8 ಜಿಬಿ ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 10. ಡಿಸ್ಕಿನ ಪಡಿಯಚ್ಚು ತೆಗೆಯುವ ಕ್ಲೋನ್‌ಜಿಲ್ಲಾ ತಂತ್ರಾಂಶ ಹಾಕಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಇಡೀ ಡಿಸ್ಕಿನ ಪ್ರತಿಯನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಇಳಿಸಿಕೊಂಡೆ. ಮೂಲ ಎಸ್‌ಎಸ್‌ಡಿಯನ್ನು ಬಿಚ್ಚಿ ಕವರಿನಲ್ಲಿ ಹಾಕಿ ಕಾಕಾ ಕೈಯಲ್ಲಿ ಕೊಟ್ಟೆ. ನನ್ನ ಬಳಿ ಇದ್ದ ಬಿಡಿ ಎಸ್‌ಎಸ್‌ಡಿಯನ್ನು ಆ ಜಾಗದಲ್ಲಿ ಕೂರಿಸಿ ಪ್ರತಿಯನ್ನು ಅದರ ಮೇಲೆ ಇಳಿಸಿದೆ. ಇನ್ನು ಎಷ್ಟು ಸಲ ಬೇಕಾದರೂ ರೋಗವನ್ನು ಮೊದಲಿನ ಸ್ಥಿತಿಗೆ ತರಬಹುದು. ಪ್ರತಿ ಸಲ ಸುಮಾರು ಇಪ್ಪತ್ತು ನಿಮಿಷ, ಒಂದು ಚಹಾ.

ಸ್ಕ್ಯಾನರ್‌ಗಳಿಗೆ ಕೆಟ್ಟ ಪ್ರೋಗ್ರಾಮ್‌ಗಳ ಇತ್ತೀಚಿನ ಪಟ್ಟಿ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕೇ ಬೇಕು. ಅದಕ್ಕೆ ಪ್ರೆಸ್ಸಿನ ವೈಫೈ ಬಿಟ್ಟು ನನ್ನ ಫೋನಿನ ಹಾಟ್‌ಸ್ಪಾಟ್ ಕೊಟ್ಟೆ. ಯಾವ ಖಾತೆಗೂ ಲಾಗಿನ್ ಆಗಲಿಲ್ಲ. ಪ್ರಶ್ನೆಪತ್ರಿಕೆ ಇದ್ದ ಫೋಲ್ಡರುಗಳನ್ನು ಬಿಡಿ ಡಿಸ್ಕಿನಿಂದ ಮೊದಲೇ ಅಳಿಸಿದ್ದೆ.

ಮಧ್ಯಾಹ್ನ ಡಿಟಿಪಿ ಮಾಡುವ ಅಕ್ಕನ ಪಕ್ಕ ಕುಳಿತು ಒಂದು ಪಟ್ಟಿ ಬರೆದೆ. ಈ ಯಂತ್ರದಲ್ಲಿ ಏನು ಇರಬೇಕು? ಪೇಜ್‌ಮೇಕರ್, ಕೋರೆಲ್‌ಡ್ರಾ, ಕನ್ನಡ ಟೈಪಿಂಗ್ ತಂತ್ರಾಂಶ, ಎರಡು ಪ್ರಿಂಟರುಗಳ ಡ್ರೈವರ್, ಸ್ಕ್ಯಾನರಿನ ಡ್ರೈವರ್, ಪಿಡಿಎಫ್ ಓದುವುದು, ಕ್ರೋಮ್. ಯಾವುದನ್ನು ಯಾರು ಹಾಕಿದರು, ಯಾವುದು ಕಂಪ್ಯೂಟರ್ ಶುರುವಾದ ಕೂಡಲೇ ಏಳಬೇಕು, ಎಲ್ಲವನ್ನೂ ಅಕ್ಕ ಹೇಳಿದರು. ಇಡೀ ವಾರದಲ್ಲಿ ನಾನು ಮಾಡಿದ ಅತ್ಯಂತ ಉಪಯೋಗದ ಕೆಲಸ ಈ ಅರ್ಧ ಗಂಟೆ. ಯಾವುದು ಕೆಟ್ಟದ್ದೆಂದು ಹೆಸರಾಗಿದೆ ಎಂಬುದನ್ನು ಸ್ಕ್ಯಾನರ್ ಬಲ್ಲದು. ಈ ಮನೆಯವರು ಯಾರು, ಹೊರಗಿನವರು ಯಾರು ಎಂಬುದನ್ನು ಅದು ಅರಿಯದು.

ಬುಧವಾರ: ಉತ್ತರ ಮೊದಲು, ಪರೀಕ್ಷೆ ಆಮೇಲೆ

ಯಾವ ಸ್ಕ್ಯಾನರನ್ನೂ ಓಡಿಸುವ ಮೊದಲು ಕೈಯಿಂದಲೇ ಹುಡುಕಿದೆ. ಇದಕ್ಕೆ ನನ್ನ ಆಯುಧ ಸಿಸ್‌ಇಂಟರ್ನಲ್ಸ್ ಎಂಬ ವಿಂಡೋಸ್ ಉಪಕರಣಗಳ ಸಂಗ್ರಹದ ಆಟೋರನ್ಸ್. ಮಾರ್ಕ್ ರುಸಿನೋವಿಚ್ ಮತ್ತು ಜೊತೆಗಾರರು ಕಟ್ಟಿದ ಈ ಸಂಗ್ರಹವನ್ನು 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು, ಇಂದಿಗೂ ಉಚಿತ. ಆಟೋರನ್ಸ್ ಒಳ್ಳೆಯದು, ಕೆಟ್ಟದ್ದು ಎನ್ನುವುದಿಲ್ಲ. ವಿಂಡೋಸ್ ಶುರುವಾಗುವಾಗ ತಾನಾಗಿ ಏಳುವ ಪ್ರತಿಯೊಂದನ್ನೂ ಸಾಲಾಗಿ ನಿಲ್ಲಿಸುತ್ತದೆ. ಮೈಕ್ರೋಸಾಫ್ಟ್‌ನ ಸಾಲುಗಳನ್ನು ಮರೆಮಾಡಿ, ಡಿಜಿಟಲ್ ಸಹಿ ಪರಿಶೀಲಿಸು ಎಂದರೆ, ಸಹಿ ಇಲ್ಲದವು ಗುಲಾಬಿ ಬಣ್ಣಕ್ಕೂ, ಫೈಲೇ ಇಲ್ಲದ ಸಾಲುಗಳು ಹಳದಿಗೂ ತಿರುಗುತ್ತವೆ.

ಅಕ್ಕನ ಪಟ್ಟಿ ಎಡಗೈಯಲ್ಲಿ, ಮೌಸ್ ಬಲಗೈಯಲ್ಲಿ. ಪಟ್ಟಿಯಲ್ಲಿ ಇಲ್ಲದ್ದು ಎರಡು ಸಿಕ್ಕವು. ಒಂದು, ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರಿನ ಆಳದಲ್ಲಿ ಕುಳಿತ, ಅರ್ಥವಿಲ್ಲದ ಅಕ್ಷರಗಳ ಹೆಸರಿನ ಒಂದು ಪ್ರೋಗ್ರಾಮ್. ಇನ್ನೊಂದು, ಬ್ರೌಸರ್ ಅಪ್‌ಡೇಟ್ ಎಂಬಂತೆ ಹೆಸರಿಟ್ಟುಕೊಂಡ ಟಾಸ್ಕ್, ಅಂದರೆ ಗೊತ್ತುಮಾಡಿದ ಹೊತ್ತಿಗೆ ತಾನಾಗಿ ಓಡುವ ಕೆಲಸ; ಗಂಟೆಗೊಮ್ಮೆ ವಿಂಡೋಸಿಗೆ ಆಜ್ಞೆ ಕೊಡುವ ಪವರ್‌ಶೆಲ್ ಎಬ್ಬಿಸಿ ಏನನ್ನೋ ಬರೆಯುತ್ತಿತ್ತು.

ಏನನ್ನು ಬರೆಯುತ್ತಿತ್ತು ಎಂಬುದು ಕ್ರೋಮ್ ತೆರೆದಾಗ ತಿಳಿಯಿತು. ಮೆನುವಿನ ಕೊನೆಯಲ್ಲಿ ‘ನಿಮ್ಮ ಸಂಸ್ಥೆ ಈ ಬ್ರೌಸರನ್ನು ನಿರ್ವಹಿಸುತ್ತಿದೆ’ ಎಂಬ ಸಾಲು. ಎರಡು ಕಂಪ್ಯೂಟರಿನ ಪ್ರೆಸ್ಸಿಗೆ ಯಾವ ಸಂಸ್ಥೆ? ದೊಡ್ಡ ಕಂಪನಿಗಳು ತಮ್ಮ ನೌಕರರ ಬ್ರೌಸರಿಗೆ ಎಕ್ಸ್‌ಟೆನ್ಷನ್‌ಗಳನ್ನು (ಬ್ರೌಸರಿಗೆ ಸೇರಿಸುವ ಪುಟ್ಟ ಪ್ರೋಗ್ರಾಮ್‌ಗಳನ್ನು) ಕಡ್ಡಾಯವಾಗಿ ಹಾಕಲು ಕ್ರೋಮ್ ಒಂದು ದಾರಿ ಇಟ್ಟಿದೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯ ಪಾಲಿಸಿ ವಿಭಾಗದಲ್ಲಿ ಎಕ್ಸ್‌ಟೆನ್ಷನ್ನಿನ ಗುರುತು ಬರೆದರೆ ಅದು ತಾನಾಗಿ ಬಂದು ಕೂರುತ್ತದೆ. ಬಳಕೆದಾರ ತೆಗೆಯಲು ಹೋದರೆ ಗುಂಡಿಯೇ ಇರುವುದಿಲ್ಲ. ಹೀಗೆ ಬಂದು ಕುಳಿತ ಎಕ್ಸ್‌ಟೆನ್ಷನ್ನೇ ಮೂರನೆಯದು. ಅದಕ್ಕೆ ‘ಎಲ್ಲ ವೆಬ್‌ಸೈಟ್‌ಗಳ ಮಾಹಿತಿ ಓದುವ ಮತ್ತು ಬದಲಿಸುವ’ ಅನುಮತಿ ಇತ್ತು. ಈ ಏಳೆಂಟು ಪದಗಳನ್ನು ಜನ ಓದದೆ ದಾಟುತ್ತಾರೆ. ಇಮೇಲ್, ಬ್ಯಾಂಕು, ತುಂಬಿದ ಅರ್ಜಿ, ಬ್ರೌಸರಿನಲ್ಲಿ ಕಾಣುವುದೆಲ್ಲ ಅದರಲ್ಲಿ ಸೇರಿದೆ.

ನಾಲ್ಕನೆಯದು ನೋಡಿದಾಗ ನಿಜವಾಗಿ ಸಿಟ್ಟು ಬಂತು. ವಿಂಡೋಸ್ ಡಿಫೆಂಡರ್‌ನಲ್ಲಿ ಎಕ್ಸ್‌ಕ್ಲೂಷನ್ ಎಂಬ ಪಟ್ಟಿ ಇರುತ್ತದೆ; ಅದರಲ್ಲಿ ಬರೆದ ಜಾಗಗಳನ್ನು ಡಿಫೆಂಡರ್ ತಪಾಸಿಸುವುದಿಲ್ಲ. ಇಲ್ಲಿ ಇಡೀ ಸಿ ಡ್ರೈವ್ ಆ ಪಟ್ಟಿಯಲ್ಲಿತ್ತು. ಅಡ್ಮಿನ್ ಅಧಿಕಾರ ಸಿಕ್ಕ ಪ್ರೋಗ್ರಾಮ್ ಪವರ್‌ಶೆಲ್‌ನ ಒಂದೇ ಸಾಲಿನಿಂದ ಇದನ್ನು ಮಾಡಬಲ್ಲದು. ಕಾಕಾಗೆ ‘ಏನೂ ಇಲ್ಲ’ ಎಂದು ಹೇಳಿದ್ದು ಡಿಫೆಂಡರ್. ಅದು ಸುಳ್ಳು ಹೇಳಿರಲಿಲ್ಲ. ಅದರ ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಲಾಗಿತ್ತು.

ಐದನೆಯದು ಸಣ್ಣದು: ಮೂಲೆಯ ಚೀಟಿಗಳು. ಅವು ವೈರಸ್ಸೂ ಅಲ್ಲ, ಪ್ರೋಗ್ರಾಮೂ ಅಲ್ಲ. ಯಾವುದೋ ಸೈಟಿಗೆ ನೋಟಿಫಿಕೇಷನ್ ಕಳುಹಿಸಲು ‘ಅನುಮತಿಸು’ ಎಂದು ಒಮ್ಮೆ ಒತ್ತಿದ್ದರ ಫಲ.

ಮೂಲ ಎಲ್ಲಿ ಎಂದು ಅಕ್ಕನನ್ನು ಮೆಲ್ಲಗೆ ಕೇಳಿದೆ. ಅವರು ಮರೆಮಾಚಲಿಲ್ಲ. ಒಂದು ಲಗ್ನಪತ್ರಿಕೆಗೆ ಹೂಬಳ್ಳಿಯ ಅಲಂಕಾರ ಇರುವ ಫಾಂಟ್ ಬೇಕಿತ್ತು, ಹುಡುಕಿದರು, ಹಸಿರು ಡೌನ್‌ಲೋಡ್ ಗುಂಡಿ ಒತ್ತಿದರು. ಆ ಗುಂಡಿ ಫಾಂಟಿನದ್ದಲ್ಲ, ಪಕ್ಕದ ಜಾಹೀರಾತಿನದ್ದು. ಫಾಂಟ್ ಬರುವುದು ಟಿಟಿಎಫ್ ಅಥವಾ ಒಟಿಎಫ್ ಫೈಲಾಗಿ, ಹೆಚ್ಚೆಂದರೆ ಜಿಪ್ ಗಂಟಿನಲ್ಲಿ. ಬಂದದ್ದು ಇಎಕ್ಸ್‌ಇ. ವಿಂಡೋಸ್ ಫೈಲಿನ ಬಾಲವನ್ನು ತಾನಾಗಿ ಮರೆಮಾಡುವುದರಿಂದ ಅವರಿಗೆ ಅದು ಕಾಣಲಿಲ್ಲ. ಅಕ್ಕ ನಾಲ್ಕು ಸಲ ‘ನನ್ನಿಂದಲೇ ಆಯಿತು’ ಎಂದರು. ಅಲ್ಲ ಅಕ್ಕಾ, ಎಂದೆ. ದಿನಕ್ಕೆ ಹತ್ತು ಪತ್ರಿಕೆ ಮುಗಿಸಬೇಕಾದವರು ಒತ್ತಲೆಂದೇ ಆ ಗುಂಡಿಯನ್ನು ಅಲ್ಲಿ ಇಟ್ಟಿರುತ್ತಾರೆ.

ಗುರುವಾರ, ಶುಕ್ರವಾರ: ಐದು ಸ್ಕ್ಯಾನರ್

ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಇಟ್ಟುಕೊಂಡೆ. ನಾನು ಕಂಡ ಐದು ತೊಂದರೆಗಳಲ್ಲಿ ಯಾವುವನ್ನು ಹಿಡಿಯಿತು? ಎರಡು ಸಲ ರೀಸ್ಟಾರ್ಟ್ ಮಾಡಿ ಎರಡು ಗಂಟೆ ಬಿಟ್ಟರೆ ಮರಳಿ ಬಂತೇ? ಅಕ್ಕನ ಪಟ್ಟಿಯಲ್ಲಿ ಇದ್ದದ್ದಕ್ಕೆ ಏನಾದರೂ ಪೆಟ್ಟಾಯಿತೇ? ಎಷ್ಟು ಸಂಖ್ಯೆ ತೋರಿಸಿತು ಎಂಬುದನ್ನು ಬರೆದುಕೊಳ್ಳಲೇ ಇಲ್ಲ.

ಕಾರಣ ಕಾಕಾ ಹೇಳಿದ 214. ಅಣ್ಣನ ಮಗ ಉಳಿಸಿಟ್ಟ ವರದಿಯನ್ನು ತೆರೆದು ಓದಿದೆ. ಅದರಲ್ಲಿ ಬಹುಪಾಲು ಟ್ರ್ಯಾಕಿಂಗ್ ಕುಕಿಗಳು. ಕುಕಿ ಎಂದರೆ ಸೈಟುಗಳು ಬ್ರೌಸರಿನಲ್ಲಿ ಬಿಟ್ಟುಹೋಗುವ ಪುಟ್ಟ ಬರಹದ ತುಣುಕು. ಜಾಹೀರಾತಿನವರು ನಮ್ಮ ಓಡಾಟ ಗುರುತಿಸಲು ಬಳಸುತ್ತಾರೆ, ಅದು ಹಿತವಲ್ಲ, ಆದರೆ ಅದು ಓಡುವ ಪ್ರೋಗ್ರಾಮ್ ಅಲ್ಲ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಕುಕಿಗಳನ್ನು ಅಳಿಸಿದರೆ ಎಲ್ಲವೂ ಹೋಗುತ್ತವೆ. ಒಂದೊಂದನ್ನೂ ಒಂದೊಂದು ಅಪಾಯ ಎಂದು ಎಣಿಸಿದರೆ ರಾಶಿ ದೊಡ್ಡದಾಗಿ ಕಾಣುತ್ತದೆ. ಇನ್ನೊಂದರ 9 ಎಂಬುದು ಒಂದೇ ಎಕ್ಸ್‌ಟೆನ್ಷನ್ನಿನ ಒಂಬತ್ತು ತುಂಡುಗಳು. ಕಣದಲ್ಲಿ ಹೊಟ್ಟು ತೂರಿದ ಮೇಲೆ ಉಳಿಯುವ ಕಾಳನ್ನು ಅಳೆಯಬೇಕು. ಹೊಟ್ಟಿನ ಗಾತ್ರ ನೋಡಿ ಬೆಳೆ ಎಷ್ಟೆಂದು ಯಾವ ರೈತನೂ ಹೇಳುವುದಿಲ್ಲ.

ಮೊದಲು ಡಿಫೆಂಡರ್. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ಇದನ್ನು ಕಡೆಗಣಿಸುವವರು ಬಹಳ. ಇದರ ಹುಟ್ಟೇ ಸ್ಪೈವೇರ್ ನಿರೋಧಕವಾಗಿ: 2004ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಜಯಂಟ್ ಎಂಬ ಕಂಪನಿಯನ್ನು ಕೊಂಡು ಅದರ ತಂತ್ರಾಂಶವನ್ನು ಬೆಳೆಸಿತು, 2006ರಲ್ಲಿ ವಿಂಡೋಸ್ ಡಿಫೆಂಡರ್ ಎಂದು ಹೊರತಂದಿತು, 2012ರ ವಿಂಡೋಸ್ 8ರಲ್ಲಿ ಅದು ಪೂರ್ಣ ಆ್ಯಂಟಿವೈರಸ್ ಆಯಿತು. ಎಕ್ಸ್‌ಕ್ಲೂಷನ್ ಪಟ್ಟಿ ಖಾಲಿ ಮಾಡಿದೆ. ಬೇಡದ ಆ್ಯಪ್‌ಗಳನ್ನು ತಡೆಯುವ ಸ್ವಿಚ್ ಆಫ್ ಆಗಿತ್ತು, ಆನ್ ಮಾಡಿದೆ. ಕೆಟ್ಟ ಪ್ರೋಗ್ರಾಮ್‌ಗಳ ಪಟ್ಟಿ ನವೀಕರಿಸಿ ಆಫ್‌ಲೈನ್ ಸ್ಕ್ಯಾನ್ ಕೊಟ್ಟೆ. ಇದೇ ಅದರ ನಿಜವಾದ ಬಲ: ಯಂತ್ರ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ತಪಾಸಣೆ ನಡೆಯುತ್ತದೆ. ಎಚ್ಚರವಿರುವ ಕಳ್ಳ ಅಡಗಿಕೊಳ್ಳಬಹುದು. ಇಲ್ಲಿ ಅವನು ಇನ್ನೂ ಎದ್ದಿರುವುದೇ ಇಲ್ಲ. ಕಾಲು ಗಂಟೆಯಲ್ಲಿ ಆ್ಯಪ್‌ಡೇಟಾದ ಪ್ರೋಗ್ರಾಮನ್ನು ಹಿಡಿದು ಕ್ವಾರಂಟೈನಿಗೆ ಹಾಕಿತ್ತು. ಬ್ರೌಸರಿನ ಪಾಲಿಸಿ ಬಿಡಿಸುವ ಕೆಲಸ ಅದರದ್ದಲ್ಲ, ಅದನ್ನು ಅದರಿಂದ ನಿರೀಕ್ಷಿಸಲೂ ಇಲ್ಲ.

ಡಿಸ್ಕ್ ಮತ್ತೆ ರೋಗದ ಸ್ಥಿತಿಗೆ. ಮಾಲ್‌ವೇರ್‌ಬೈಟ್ಸ್. 2008ರಿಂದ ಇದೆ, ಉಚಿತ ಆವೃತ್ತಿಯಲ್ಲಿ ನಾವು ಕೇಳಿದಾಗ ಸ್ಕ್ಯಾನ್ ಮಾಡುತ್ತದೆ, ನಿರಂತರ ಕಾವಲು ಬೇಕಾದರೆ ಹಣ. ವಿಂಡೋಸಿನ ಆಳದಲ್ಲಿ ಅಡಗುವ ರೂಟ್‌ಕಿಟ್ ಹುಡುಕುವ ಸ್ವಿಚ್ ತಾನಾಗಿ ಆನ್ ಇರುವುದಿಲ್ಲ, ಸ್ಕ್ಯಾನಿಗೆ ಮೊದಲು ಹಾಕಿಕೊಳ್ಳಬೇಕು. ಪ್ರೋಗ್ರಾಮ್, ಅದನ್ನು ಎಬ್ಬಿಸುವ ರಿಜಿಸ್ಟ್ರಿ ಸಾಲು, ಗಂಟೆಗೊಮ್ಮೆ ಏಳುವ ಟಾಸ್ಕ್, ಮೂರನ್ನೂ ಒಂದೇ ಕುಟುಂಬವೆಂದು ಗುರುತಿಸಿ ಜೊತೆಗೆ ತೆಗೆದದ್ದು ನನ್ನ ಪರೀಕ್ಷೆಯಲ್ಲಿ ಇದೊಂದೇ. ಎರಡು ಗಂಟೆ ಕಾದೆ, ಯಾವುದೂ ಮರಳಲಿಲ್ಲ.

ಈ ಟಾಸ್ಕಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಎರೆಹೊಲದಲ್ಲಿ ಗರಿಕೆ ಕಿತ್ತವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಲೆ ಹಸಿರು ಕಾಣದಂತೆ ಕೆರೆದು ಹಾಕಬಹುದು. ಆಳದಲ್ಲಿ ಒಂದು ಗೆಣ್ಣು ಉಳಿದರೆ ಒಂದು ಹದ ಮಳೆಗೆ ಹೊಲವೆಲ್ಲ ಅದೇ. ಐದರಲ್ಲಿ ಒಂದು ಸ್ಕ್ಯಾನರ್ ಎಕ್ಸ್‌ಟೆನ್ಷನ್ನನ್ನು ಚೊಕ್ಕವಾಗಿ ತೆಗೆದು ‘ಕಂಪ್ಯೂಟರ್ ಶುದ್ಧ’ ಎಂದು ಹಸಿರು ಗುರುತು ತೋರಿಸಿತು. ನಲವತ್ತು ನಿಮಿಷಕ್ಕೆ ಟಾಸ್ಕ್ ಎದ್ದು ಪಾಲಿಸಿಯನ್ನು ಮತ್ತೆ ಬರೆಯಿತು, ಎಕ್ಸ್‌ಟೆನ್ಷನ್ ಮತ್ತೆ ಬಂದು ಕುಳಿತಿತು. ಕಾಕಾ ಕಂಡ ‘ಬೆಳಿಗ್ಗೆ ಮತ್ತೆ ಅದೇ ಪುಟ’ದ ಗುಟ್ಟು ಇದೇ. ಆ ಸ್ಕ್ಯಾನರಿನ ಹೆಸರು ಬರೆಯುವುದಿಲ್ಲ. ಒಂದು ಯಂತ್ರದ, ಒಂದು ವಾರದ ಪರೀಕ್ಷೆಯಿಂದ ಯಾರ ಹೆಸರನ್ನೂ ಕೆಡಿಸುವುದು ನ್ಯಾಯವಲ್ಲ, ಮುಂದಿನ ವಾರದ ಪಟ್ಟಿಯಲ್ಲಿ ಅದೂ ಇದನ್ನು ಹಿಡಿಯಬಹುದು.

ಆಡ್‌ಡಬ್ಲ್ಯೂಕ್ಲೀನರ್ ಮೂರನೆಯದು. 2016ರಿಂದ ಇದೂ ಮಾಲ್‌ವೇರ್‌ಬೈಟ್ಸ್ ಮನೆಯದೇ. ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಪೆನ್‌ಡ್ರೈವ್‌ನಿಂದ ನೇರವಾಗಿ ಓಡುತ್ತದೆ, ಎರಡು ನಿಮಿಷದಲ್ಲಿ ಮುಗಿಯುತ್ತದೆ. ಇದರ ಹೊಲ ಬೇರೆ: ಜಾಹೀರಾತು ತುರುಕುವ ತಂತ್ರಾಂಶ, ಟೂಲ್‌ಬಾರ್, ಬ್ರೌಸರ್ ಅಪಹರಣ. ಸೆಟ್ಟಿಂಗ್ಸ್‌ನಲ್ಲಿ ಕ್ರೋಮ್ ಪಾಲಿಸಿ, ಪ್ರಾಕ್ಸಿ, ಹೋಸ್ಟ್ಸ್ ಫೈಲುಗಳನ್ನು ಮೊದಲಿನಂತೆ ಮಾಡುವ ಗುಂಡಿಗಳಿವೆ. ಟಾಸ್ಕನ್ನು ಕೈಯಿಂದ ಕೆಡಿಸಿದ ಮೇಲೆ ಪಾಲಿಸಿ ಗುಂಡಿ ಒತ್ತಿದೆ. ‘ನಿಮ್ಮ ಸಂಸ್ಥೆ’ ಎಂಬ ಸಾಲು ಕ್ರೋಮ್‌ನಿಂದ ಅಳಿಸಿಹೋಯಿತು. ನಾನು ಇದನ್ನು ಕೈಯಿಂದ ಮಾಡಲು ಹೊರಟಿದ್ದರೆ ರಿಜಿಸ್ಟ್ರಿಯಲ್ಲಿ ಅರ್ಧ ಗಂಟೆ ಬೇಕಿತ್ತು.

ಸ್ಪೈಬಾಟ್ ಮತ್ತು ಇಸೆಟ್ ಆನ್‌ಲೈನ್ ಸ್ಕ್ಯಾನರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಪೈಬಾಟ್ 2000ದಿಂದ ಇರುವ ಹಿರಿಯ. ಎಕ್ಸ್‌ಪಿ ಕಾಲದಲ್ಲಿ ಎಷ್ಟು ಯಂತ್ರಗಳನ್ನು ಅದು ಉಳಿಸಿತ್ತು ಎಂಬುದು ನನ್ನ ವಯಸ್ಸಿನ ರಿಪೇರಿಯವರಿಗೆಲ್ಲ ಗೊತ್ತು. ಕೆಟ್ಟ ತಾಣಗಳಿಗೆ ಮೊದಲೇ ದಾರಿ ಮುಚ್ಚುವ ಇಮ್ಯೂನೈಸ್ ಅದರ ವಿಶೇಷ. ಇಸೆಟ್‌ನದು ಕಾವಲು ಕಾಯುವುದಿಲ್ಲ, ಕೇಳಿದಾಗ ಬಂದು ನೋಡಿ ಹೋಗುವ ಎರಡನೆಯ ವೈದ್ಯ; ಆ ಕೆಲಸಕ್ಕೆ ಚೆನ್ನಾಗಿದೆ. ಮೂಲೆಯ ಚೀಟಿಗಳನ್ನು ಮಾತ್ರ ಐದರಲ್ಲಿ ಯಾವುದೂ ಮುಟ್ಟಲಿಲ್ಲ. ಅದು ನಾವೇ ಕೊಟ್ಟ ಅನುಮತಿ, ನಾವೇ ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಹಿಂದೆಗೆದುಕೊಳ್ಳಬೇಕು.

ಇನ್ನು ಮೂರನೆಯ ಪ್ರಶ್ನೆ. ಐದರಲ್ಲಿ ಒಂದು, ಅಕ್ಕನ ಕನ್ನಡ ಟೈಪಿಂಗ್ ತಂತ್ರಾಂಶವನ್ನು ‘ಕೀಲಾಗರ್ ಶಂಕೆ’ ಎಂದು ಹಿಡಿದು ಕ್ವಾರಂಟೈನಿಗೆ ಹಾಕಿತು. ರೀಸ್ಟಾರ್ಟ್ ಆದ ಮೇಲೆ ಅಕ್ಕ ‘ಶ್ರೀ’ ಎಂದು ಹೊಡೆದರೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು. ನನಗೆ ಅಚ್ಚರಿಯಾಗಲಿಲ್ಲ. ಕನ್ನಡ ಕೀಲಿಮಣೆ ತಂತ್ರಾಂಶ ಮಾಡುವುದೇನು? ಬೇರೆ ಪ್ರೋಗ್ರಾಮಿಗೆ ಹೋಗುತ್ತಿರುವ ಪ್ರತಿ ಕೀಲಿಯ ಒತ್ತನ್ನು ನಡುದಾರಿಯಲ್ಲಿ ಹಿಡಿದು, ಅದರ ಜಾಗದಲ್ಲಿ ಕನ್ನಡ ಅಕ್ಷರ ಇಡುತ್ತದೆ. ಕೀಲಿ ಕದಿಯುವ ಸ್ಪೈವೇರ್ ಕೂಡ ಅದೇ ನಡುದಾರಿಯಲ್ಲೇ ನಿಲ್ಲುತ್ತದೆ. ಒಂದು ಹಿಡಿದದ್ದನ್ನು ಪರದೆಗೆ ಕೊಡುತ್ತದೆ, ಇನ್ನೊಂದು ಹಿಡಿದದ್ದನ್ನು ಹೊರಗೆ ಸಾಗಿಸುತ್ತದೆ. ಹೊರಗಿನಿಂದ ನೋಡಿದರೆ ನಡವಳಿಕೆ ಒಂದೇ. ಇಂಗ್ಲಿಷಿನಲ್ಲೇ ಟೈಪ್ ಮಾಡುವವರಿಗೆ ಈ ತೊಂದರೆ ಗೊತ್ತೇ ಇಲ್ಲ, ಅಲ್ಲಿನ ಹೋಲಿಕೆಯ ಪಟ್ಟಿಗಳಲ್ಲಿ ಇದಕ್ಕೆ ಒಂದು ಕಾಲಮ್ಮೂ ಇರುವುದಿಲ್ಲ. ನಮಗೆ ಮಾತ್ರ ಇದು ದಿನದ ದುಡಿಮೆಯ ಪ್ರಶ್ನೆ. ಕ್ವಾರಂಟೈನಿನಿಂದ ಅದನ್ನು ಮರಳಿ ತಂದು, ಆ ಒಂದೇ ಫೈಲಿಗೆ ವಿನಾಯಿತಿ ಕೊಟ್ಟೆ. ಫೋಲ್ಡರಿಗೂ ಅಲ್ಲ, ಡ್ರೈವಿಗಂತೂ ಅಲ್ಲ.

ಶುಕ್ರವಾರ ರಾತ್ರಿ ಕಾಕಾ ಮುಂದೆ ಇದನ್ನೆಲ್ಲ ಹರವಿದೆ. “ಅಂದರೆ ಯಾವುದು ಒಳ್ಳೆಯದು? ಒಂದೇ ಹೆಸರು ಹೇಳು” ಎಂದರು. ಒಂದೇ ಹೆಸರಿಲ್ಲ ಕಾಕಾ, ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಚ್ಚಿನ ಮೊಳೆ ಜೋಡಿಸುವ ಕಾಲದಿಂದ ಈ ಉದ್ಯೋಗದಲ್ಲಿ ಇರುವವರು. “ಪ್ರೂಫ್ ನೋಡಿದ ಹಾಗೆ” ಎಂದರು. “ಒಬ್ಬ ಒತ್ತಕ್ಷರ ತಪ್ಪಿದ್ದನ್ನು ಹಿಡಿಯುತ್ತಾನೆ, ತಾರೀಖು ಬಿಡುತ್ತಾನೆ. ತಾರೀಖು ಹಿಡಿಯುವವನಿಗೆ ಒತ್ತಕ್ಷರ ಕಾಣುವುದಿಲ್ಲ. ಆದರೆ ವರನ ಅಜ್ಜನ ಹೆಸರು ಸರಿಯೋ ತಪ್ಪೋ ಎಂಬುದನ್ನು ಮನೆಯವರೇ ನೋಡಬೇಕು.” ನಾನು ಎರಡು ದಿನ ಹೆಣಗಿ ಕಂಡದ್ದನ್ನು ಅವರು ಒಂದು ಉಸಿರಿನಲ್ಲಿ ಹೇಳಿ ಮುಗಿಸಿದ್ದರು.

ಭಾನುವಾರ: ಮೂಲ ಡಿಸ್ಕ್

ಇಷ್ಟೆಲ್ಲ ಹೋಲಿಸಿದ ಮೇಲೆ ಪ್ರೆಸ್ಸಿನ ಮೂಲ ಡಿಸ್ಕನ್ನು ಯಾವುದರಿಂದ ತೊಳೆದೆ? ಯಾವುದರಿಂದಲೂ ಅಲ್ಲ. ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿದೆ. ಅಡ್ಮಿನ್ ಅಧಿಕಾರ ಪಡೆದು, ಕಾವಲುಗಾರನ ಕಣ್ಣು ಕಟ್ಟಿ, ಎಷ್ಟೋ ದಿನ ಒಳಗಿದ್ದ ಪ್ರೋಗ್ರಾಮ್ ಇನ್ನೇನು ಮಾಡಿತ್ತು ಎಂಬುದಕ್ಕೆ ಐದು ಹಸಿರು ಗುರುತುಗಳೂ ಸಾಕ್ಷಿಯಾಗಲಾರವು. ಪ್ರಶ್ನೆಪತ್ರಿಕೆ ಟೈಪಾಗುವ ಯಂತ್ರದಲ್ಲಿ ನಾನು ಆ ಧೈರ್ಯ ಮಾಡುವುದಿಲ್ಲ. ಕಡತಗಳನ್ನು ಡಿಫೆಂಡರ್ ಮತ್ತು ಮಾಲ್‌ವೇರ್‌ಬೈಟ್ಸ್ ಎರಡರಿಂದಲೂ ತಪಾಸಿಸಿ ಮರಳಿ ಹಾಕಿದೆ. ಸಂಶಯದ ಫೈಲನ್ನು ಹಲವು ಸ್ಕ್ಯಾನರ್‌ಗಳಿಂದ ಒಮ್ಮೆಗೇ ನೋಡುವ ವೈರಸ್‌ಟೋಟಲ್ ತಾಣಕ್ಕೆ ಹಾಕಬಹುದಲ್ಲ ಎಂದು ಅಣ್ಣನ ಮಗ ಕೇಳಿದ. ಪ್ರೋಗ್ರಾಮ್ ಫೈಲಾದರೆ ಹಾಕು, ಗಿರಾಕಿಯ ಕಡತವನ್ನು ಎಂದಿಗೂ ಹಾಕಬೇಡ ಎಂದೆ. ಅಲ್ಲಿಗೆ ಏರಿಸಿದ ಫೈಲು ಬೇರೆ ಭದ್ರತಾ ಸಂಸ್ಥೆಗಳ ಕೈಗೂ ಸೇರುತ್ತದೆ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಈ ಪ್ರೊಸೆಸರ್ 11ರ ಪಟ್ಟಿಯಲ್ಲಿಲ್ಲ. ವಿಸ್ತರಿತ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿದ್ದೇನೆ. ಅದರ ಗಡುವಿನೊಳಗೆ ಯಂತ್ರ ಬದಲಿಸಬೇಕೆಂದು ಕಾಕಾಗೆ ಸ್ಪಷ್ಟವಾಗಿ ಹೇಳಿದ್ದೇನೆ.

ಮುಂದಿನ ಕೌಂಟರಿನ ಬಿಲ್ಲಿಂಗ್ ಕಂಪ್ಯೂಟರಿನ ಕಥೆ ಬೇರೆ. ಅಕ್ಕ ಅದೇ ಫಾಂಟ್ ಫೈಲನ್ನು ಪೆನ್‌ಡ್ರೈವ್‌ನಲ್ಲಿ ತಂದು ಅಲ್ಲಿಯೂ ಒತ್ತಿದ್ದರು. ಅಲ್ಲಿನ ಖಾತೆ ಸಾಧಾರಣ ಬಳಕೆದಾರರದ್ದು. ಅಡ್ಮಿನ್ ಪಾಸ್‌ವರ್ಡ್ ಕೇಳಿತು, ಗೊತ್ತಿರಲಿಲ್ಲ, ರದ್ದು ಮಾಡಿದರು. ಟಾಸ್ಕ್ ಇಲ್ಲ, ಪಾಲಿಸಿ ಇಲ್ಲ, ಎಕ್ಸ್‌ಕ್ಲೂಷನ್ ಪಟ್ಟಿ ಖಾಲಿ. ಡಿಫೆಂಡರ್ ಆಫ್‌ಲೈನ್, ಮಾಲ್‌ವೇರ್‌ಬೈಟ್ಸ್, ಆಡ್‌ಡಬ್ಲ್ಯೂಕ್ಲೀನರ್ ಮೂರನ್ನೂ ಓಡಿಸಿ ಆಟೋರನ್ಸ್‌ನಲ್ಲಿ ಸಾಲು ಸಾಲು ನೋಡಿದೆ. ಡೌನ್‌ಲೋಡಿನಲ್ಲಿ ಬಿದ್ದಿದ್ದ ಆ ಇಎಕ್ಸ್‌ಇ ಬಿಟ್ಟರೆ ಬೇರೇನೂ ಇರಲಿಲ್ಲ. ಈಗ ಡಿಟಿಪಿ ಯಂತ್ರದಲ್ಲಿಯೂ ಅಕ್ಕನ ಖಾತೆ ಸಾಧಾರಣವಾದದ್ದೇ, ಅಡ್ಮಿನ್ ಪಾಸ್‌ವರ್ಡ್ ಕಾಕಾ ಬಳಿ. ಫೈಲಿನ ಬಾಲ ಕಾಣುವಂತೆ ಮಾಡಿದ್ದೇನೆ. ನಿರಂತರ ಕಾವಲಿಗೆ ಡಿಫೆಂಡರ್ ಒಂದೇ. ಮಾಲ್‌ವೇರ್‌ಬೈಟ್ಸ್‌ನ 14 ದಿನದ ಪ್ರಾಯೋಗಿಕ ಕಾವಲನ್ನು ಆಫ್ ಮಾಡಿ, ತಿಂಗಳಿಗೊಮ್ಮೆ ನೋಡಿ ಹೋಗುವ ಕೆಲಸ ಮಾತ್ರ ಅದಕ್ಕೆ ಬಿಟ್ಟಿದ್ದೇನೆ. ಒಂದೇ ಬಾಗಿಲಲ್ಲಿ ಇಬ್ಬರು ಕಾವಲುಗಾರರು ನಿಂತರೆ ಯಂತ್ರ ನಿಧಾನವಾಗುತ್ತದೆ.

ಕೊನೆಗೆ ಶುದ್ಧ ಯಂತ್ರದ ಆಟೋರನ್ಸ್ ಪಟ್ಟಿಯನ್ನು ಒಂದು ಫೈಲಾಗಿ ಉಳಿಸಿಕೊಂಡೆ. ಆಮೇಲೆ ಯಾವಾಗ ಬೇಕಾದರೂ ಹೊಸ ಪಟ್ಟಿಯನ್ನು ಇದರೊಡನೆ ಹೋಲಿಸಿದರೆ, ಹೊಸದಾಗಿ ಸೇರಿದ ಸಾಲು ಹಸಿರು ಬಣ್ಣದಲ್ಲಿ ಎದ್ದು ಕಾಣುತ್ತದೆ. ‘ಈ ಯಂತ್ರದಲ್ಲಿ ಇರಬೇಕಾದವು’ ಎಂಬ ಅಕ್ಕನ ಪಟ್ಟಿಯನ್ನು ಕಾಕಾ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಮುದ್ರಿಸಿ ಮಾನಿಟರ್ ಪಕ್ಕದ ಗೋಡೆಗೆ ಅಂಟಿಸಿದರು, ಕೆಳಗೆ ನಾಲ್ಕು ಖಾಲಿ ಗೆರೆ ಬಿಟ್ಟು.

ಮೂರನೆಯ ವಾರ ಹೋಗಿ ಹೋಲಿಸಿದೆ. ಒಂದೇ ಒಂದು ಹಸಿರು ಸಾಲು: ಹೊಸ ಪ್ರಿಂಟರಿನ ಡ್ರೈವರ್. ಗೋಡೆಯ ಮೇಲಿನ ಮೊದಲ ಖಾಲಿ ಗೆರೆಯಲ್ಲಿ ಅದರ ಹೆಸರು, ಹಾಕಿದ ತಾರೀಖು, ಹಾಕಿದವರ ಹೆಸರು ಅಕ್ಕನ ಕೈಬರಹದಲ್ಲಿ ಆಗಲೇ ಇದ್ದವು.